ಗಂಟಲು ನೋಡಲು ಯಾರೂ ಇಲ್ಲ, ಎದೆ ಸೀಳಲು ಲಕ್ಷ ಲಕ್ಷ ಇದೆ



ಉದ್ದ ಪೋಸ್ಟ್ ಇದು. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಹೋದ ವಾರ ನಮ್ಮ ಭಾಗದ ಒಂದು ಹಾಸ್ಟೆಲ್‌ಗೆ ಹೋಗಿದ್ದೆ. ಊಟದ ಬಗ್ಗೆ ಮಕ್ಕಳು ದೂರು ಹೇಳಿದ್ದರು, ಅದನ್ನ ನೋಡೋಕೆ. ಮೂಲೆಯಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ ಚಾದರ ಹೊದ್ದು ಮಲಗಿದ್ದ. "ಏನಾಗ್ಯದಪಾ?" ಅಂದೆ. ಬಾಯಿ ಬಿಡಲಿಲ್ಲ, ಗಂಟಲು ಮುಟ್ಟಿ ತೋರಿಸಿದ. ನಾಲ್ಕು ದಿನದಿಂದ ಜ್ವರ, ಅನ್ನ ನುಂಗೋಕೆ ಆಗ್ತಿಲ್ಲ. ಅಲ್ಲಿದ್ದವರು ನನ್ನನ್ನೇ ಸಮಾಧಾನ ಮಾಡಿದರು: "ಗಂಟಲ ಬ್ಯಾನಿ ಏನ್ ಜಡ್ಡೇನ್ರೀ ಸರ್? ಉಪ್ಪುನೀರು ಮುಕ್ಕಳಿಸು ಅಂತ ಹೇಳೀವಿ."

ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಎರಡೂ ಕಡೆ ಟಾನ್ಸಿಲ್ ಊದಿಕೊಂಡು ಕೆಂಪಾಗಿ, ಮೇಲೆ ಬಿಳಿ ಬಿಳಿ ಕೀವು. ದವಡೆಯ ಕೆಳಗೆ ಕೈ ಇಟ್ಟರೆ ಗಂಟು, ಮುಟ್ಟಿದರೆ ನೋವು. ಕೆಮ್ಮಿಲ್ಲ, ಮೂಗು ಸೋರ್ತಿಲ್ಲ. ನಾನು ಡಾಕ್ಟರಲ್ಲ. ಆದ್ರೆ ಈ ನಾಲ್ಕು ಲಕ್ಷಣ ನನಗೆ ಬಾಯಿಪಾಠ. ಬೈಕ್ ಹಿಂದೆ ಕೂರಿಸಿಕೊಂಡು ಸರ್ಕಾರಿ ದವಾಖಾನೆಗೆ ಕರ್ಕೊಂಡು ಹೋದೆ. ಡಾಕ್ಟರಮ್ಮ ಒಳ್ಳೆಯವರು. ನಾಲಿಗೆ ಒತ್ತಿ ಗಂಟಲು ನೋಡಿದರು, ಅಂಗಿ ಎತ್ತಿಸಿ ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಹತ್ತು ದಿನದ ಔಷಧ ಬರೆದರು. ಆಮೇಲೆ ನಗುತ್ತಾ ಕೇಳಿದರು, "ಗಂಟಲ ನೋವಿಗೆ ಸಂಘಟನೆಯವರು ಇಷ್ಟು ಗಾಬರಿ ಆಗಿದ್ದು ಇದೇ ಮೊದಲು ನೋಡ್ತಿರೋದು."

ಅವರಿಗೆ ಉತ್ತರ ಕೊಡಲಿಲ್ಲ. ನಿಮಗೆ ಹೇಳ್ತೀನಿ.

1999. ನಮ್ಮೂರು ನಾರಾಯಣಪುರದ ಡ್ಯಾಮಿನ ಕಾಲುವೆ ದಂಡೆಯ ಹಳ್ಳಿ. ನನ್ನ ತಂಗಿಗೆ ಆಗ ಹನ್ನೊಂದು ವರ್ಷ. ದಸರಾ ಹೊತ್ತಿಗೆ ಅವಳಿಗೆ ಗಂಟಲು ನೋವು ಬಂತು. ಅವ್ವ ಕುತ್ತಿಗೆಗೆ ಸುಣ್ಣ, ಅರಿಶಿನ ಹಚ್ಚಿದಳು. ಆರ್‌ಎಂಪಿ ಒಂದು ಸೂಜಿ ಮಾಡಿ ಎರಡು ದಿನದ ಗುಳಿಗೆ ಕೊಟ್ಟ. ಜ್ವರ ಇಳೀತು, ಹುಡುಗಿ ಹತ್ತಿ ಬಿಡಿಸೋಕೆ ಹೋದಳು. ಮೂರು ವಾರ ಆಗಿರಬೇಕು, ಒಂದು ಬೆಳಿಗ್ಗೆ ಮೊಣಕಾಲು ಊದಿ ಎದ್ದು ನಿಲ್ಲೋಕಾಗಲಿಲ್ಲ. ಎರಡು ದಿನಕ್ಕೆ ಮೊಣಕಾಲು ಕಮ್ಮಿ, ಹಿಮ್ಮಡಿ ಗಂಟು ಊದಿತು. ಅದು ಕಮ್ಮಿಯಾಗೋದ್ರೊಳಗೆ ಮಣಿಕಟ್ಟು. ನೋವು ಮೈತುಂಬ ಓಡಾಡ್ತಿತ್ತು. ಕೇರಿಯವರು ಯಾರೋ ಮಾಡಿಸ್ಯಾರ ಅಂದ್ರು. ಅಪ್ಪ ಮೈಲಾಪುರ ಮಲ್ಲಯ್ಯನಿಗೆ ಹರಕೆ ಹೊತ್ತ. ಹದಿನೈದಿಪ್ಪತ್ತು ದಿನಕ್ಕೆ ನೋವು ತಾನಾಗಿಯೇ ಹೋಯ್ತು, ಒಂದು ಕೀಲೂ ಸೊಟ್ಟ ಆಗಲಿಲ್ಲ. ಮಲ್ಲಯ್ಯ ಕಾಯ್ದ ಅಂತ ನಾವೆಲ್ಲ ನಂಬಿದ್ವಿ.

ಆ ನೋವು ಹೋಗೋದೇ ಹಾಗಂತೆ. ಔಷಧ ಕೊಡದಿದ್ದರೂ ಹೋಗುತ್ತೆ, ಕೀಲಿನಲ್ಲಿ ಗುರುತು ಬಿಡಲ್ಲ. 19ನೇ ಶತಮಾನದಲ್ಲೇ ಫ್ರಾನ್ಸಿನ ಲಾಸೆಗ್ ಅನ್ನೋ ವೈದ್ಯ ಹೇಳಿಬಿಟ್ಟಿದ್ದ, ಈ ರೋಗ ಕೀಲನ್ನ ನೆಕ್ಕುತ್ತೆ, ಹೃದಯವನ್ನ ಕಚ್ಚುತ್ತೆ ಅಂತ. ನಾವು ನೆಕ್ಕಿದ್ದನ್ನ ನೋಡಿದ್ವಿ. ಕಚ್ಚಿದ್ದು ಕಾಣಲಿಲ್ಲ.

2008ರ ಮಳೆಗಾಲ. ತಂಗಿಗೆ ಇಪ್ಪತ್ತು, ಚೊಚ್ಚಲ ಬಸುರಿ, ಆರು ತಿಂಗಳು ತುಂಬಿತ್ತು. ಮಾತಾಡ್ತಾ ಮಾತಾಡ್ತಾ ನಡುವೆ ನಿಲ್ಲಿಸ್ತಿದ್ದಳು. "ಯಾಕ್ಬೇ, ದಮ್ ಹತ್ತದ ಏನು?" ಅಂದ್ರೆ, "ಏನಿಲ್ಲಣ್ಣಾ, ಬಸುರಿದ್ದಾಗ ಹಿಂಗೇ ಆಗ್ತದಂತ." ರಾತ್ರಿ ಮಲಗೋಕಾಗದೆ ಗೋಡೆಗೆ ಒರಗಿ ಕೂರ್ತಿದ್ದಳು. ಒಂದು ದಿನ ಕೆಮ್ಮಿನ ಜೊತೆ ಕೆಂಪು ನೊರೆ ಬಂತು. 108 ಆಗ ಇನ್ನೂ ಶುರುವಾಗಿರಲಿಲ್ಲ. ಒಂದು ಕ್ರೂಸರ್ ಮಾಡ್ಕೊಂಡು ಹೊರಟ್ವಿ. ಮೊದಲನೇ ದವಾಖಾನೆಯವರು ರಕ್ತ ಕಮ್ಮಿ ಅಂದ್ರು. ಎರಡನೆಯವರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಹೃದಯದ ವಾಲ್ವ್ ಹೋಗಿದೆ, ಚಿಕ್ಕವಳಿದ್ದಾಗ ಕೀಲು ನೋವು ಬಂದಿತ್ತಾ ಅಂತ ಕೇಳಿದ್ರು. ಒಂಬತ್ತು ವರ್ಷದ ಮೇಲೆ ಮೊದಲ ಸಲ ಒಬ್ಬರು ಆ ಪ್ರಶ್ನೆ ಕೇಳಿದ್ದು. ಮೂರನೇ ದವಾಖಾನೆ ಮುಟ್ಟೋ ಮೊದಲೇ ದಾರಿಯಲ್ಲಿ ಹೋಗಿಬಿಟ್ಟಳು. ಅವಳ ತಲೆ ಅವ್ವನ ತೊಡೆ ಮೇಲಿತ್ತು, ಕಾಲು ನನ್ನ ತೊಡೆ ಮೇಲೆ.

ಇದನ್ನ ಕಣ್ಣೀರಿನ ಎಮೋಜಿ ಹಾಕಲಿ ಅಂತ ಬರೀತಿಲ್ಲ. ಅವಳು ಯಾವುದರಿಂದ ಸತ್ತಳು ಅಂತ ನನಗೆ ಅರ್ಥ ಆಗೋಕೆ ಬಹಳ ವರ್ಷ ಬೇಕಾಯ್ತು. ಅರ್ಥ ಆದಮೇಲೆ ದುಃಖಕ್ಕಿಂತ ಸಿಟ್ಟು ಜಾಸ್ತಿ ಆಯ್ತು. ಆ ಸಿಟ್ಟಿನ ಲೆಕ್ಕ ಇದು.

ಮಕ್ಕಳ ಗಂಟಲು ನೋವಿನಲ್ಲಿ ಬಹುಪಾಲು ವೈರಸ್‌ನಿಂದ ಬರೋದು, ತಾನೇ ವಾಸಿಯಾಗುತ್ತೆ. ನೂರರಲ್ಲಿ ಸುಮಾರು 20–30 ಮಾತ್ರ ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾದ್ದು. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಹೆಚ್ಚು. ಅದಕ್ಕೆ ಸರಿಯಾಗಿ ಚಿಕಿತ್ಸೆ ಸಿಗದಿದ್ದರೆ ಕೆಲವು ಮಕ್ಕಳಲ್ಲಿ ಎರಡು–ಮೂರು ವಾರ ಬಿಟ್ಟು ಇನ್ನೊಂದು ಆಟ ಶುರುವಾಗುತ್ತೆ. ಆ ಬ್ಯಾಕ್ಟೀರಿಯಾದ ಮೈಮೇಲಿನ ಗುರುತು ಹೃದಯದ ವಾಲ್ವಿನ ಗುರುತನ್ನ ಹೋಲುತ್ತೆ. ದೇಹದ ಕಾವಲು ಪಡೆ ಕಳ್ಳನನ್ನ ಹುಡುಕ್ತಾ ಬಂದು ವಾಲ್ವನ್ನೇ ಬಡಿಯುತ್ತೆ. ನಮ್ಮ ಕೇರಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕಳ್ಳತನ ಎಲ್ಲೋ ಆದ್ರೆ ಪೊಲೀಸರು ಮೊದಲು ಬರೋದು ಎಲ್ಲಿಗೆ, ಕಳ್ಳನಂಗೆ ಕಾಣ್ತಾನ ಅಂತ ಸಿಕ್ಕವನನ್ನ ಬಡಿಯೋದು ಯಾರನ್ನ ಅಂತ ಗೊತ್ತಿದೆಯಲ್ಲ. ಇದೇ ರುಮ್ಯಾಟಿಕ್ ಜ್ವರ. ಒಂದು ಸಲ ಬಂದವರಿಗೆ ಮತ್ತೆ ಮತ್ತೆ ಬರುತ್ತೆ, ಪ್ರತಿ ಸಲ ವಾಲ್ವ್ ಇನ್ನಷ್ಟು ಕೆಡುತ್ತೆ. ಮೂರರಷ್ಟು ತೆರೀಬೇಕಾದ ಬಾಗಿಲು ಒಂದರಷ್ಟು ತೆರೆಯುತ್ತೆ. ಬಸುರಿಯಲ್ಲಿ ರಕ್ತದ ಪ್ರಮಾಣ ಅರ್ಧದಷ್ಟು ಹೆಚ್ಚಾದಾಗ ಆ ಕಿರಿದಾದ ಬಾಗಿಲಲ್ಲಿ ರಕ್ತ ಹಾಯೋಕಾಗದೆ ಹಿಂದಕ್ಕೆ ತುಂಬಿ, ಪುಪ್ಪುಸಕ್ಕೆ ನೀರು ಸೇರುತ್ತೆ. ನನ್ನ ತಂಗಿಗೆ ಆದದ್ದು ಇಷ್ಟು.

ಇದನ್ನ ತಡೆಯೋಕೆ ಏನು ಬೇಕಿತ್ತು? ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್. ಸೊಂಟಕ್ಕೆ ಬೆಂಜಥೀನ್ ಪೆನಿಸಿಲಿನ್‌ನ ಒಂದೇ ಒಂದು ಸೂಜಿ, ಅಥವಾ ಹತ್ತು ದಿನ ತಪ್ಪದೆ ಗುಳಿಗೆ. ಎರಡು ದಿನ ನುಂಗಿ ಬಿಟ್ಟರೆ ಆಗಲ್ಲ. ಒಂಬತ್ತು ದಿನದ ಅವಕಾಶ ತಪ್ಪಿ ಕೀಲು ನೋವು ಬಂದ ಮೇಲೂ ಇನ್ನೊಂದು ಅವಕಾಶ ಇತ್ತು: ಪ್ರತಿ 21 ದಿನಕ್ಕೊಂದು ಅದೇ ಸೂಜಿ, ವರ್ಷಗಟ್ಟಲೆ. ಹಾಗೆ ಮಾಡಿದ್ರೆ ರೋಗ ಮರುಕಳಿಸಲ್ಲ, ವಾಲ್ವ್ ಇನ್ನಷ್ಟು ಕೆಡದಂತೆ ಉಳಿಸಬಹುದು. ನನ್ನ ತಂಗಿಗೆ ಎರಡು ಬಾಗಿಲಿದ್ದವು. ಎರಡೂ ಕಡೆ ಬಾಗಿಲು ಕಾಯೋರು ಯಾರೂ ಇರಲಿಲ್ಲ.

ಇದು ಹೊಸ ವಿಜ್ಞಾನ ಅಂದ್ಕೋಬೇಡಿ. ಅಮೆರಿಕದ ವಾಯೋಮಿಂಗ್‌ನ ವಾರನ್ ವಾಯುಪಡೆ ನೆಲೆಯಲ್ಲಿ 1950ರ ಹೊತ್ತಿಗೇ ಇದು ಸಾಬೀತಾಗಿತ್ತು. ಬ್ಯಾರಕ್ಕಿನಲ್ಲಿ ಸಾಲಾಗಿ ಮಲಗುವ ಸೈನಿಕರಲ್ಲಿ ಈ ಗಂಟಲು ರೋಗ ಹರಡ್ತಿತ್ತು, ಪೆನಿಸಿಲಿನ್ ಕೊಟ್ಟವರಲ್ಲಿ ರುಮ್ಯಾಟಿಕ್ ಜ್ವರ ಬಿದ್ದುಹೋಯ್ತು. ನಮ್ಮ ಸಂವಿಧಾನ ಜಾರಿಗೆ ಬಂದಷ್ಟೇ ಹಳೇ ಮಾತು. ಎರಡೂ ನಮ್ಮ ಕೇರಿಗೆ ಒಂದೇ ವೇಗದಲ್ಲಿ ಬರ್ತಿವೆ.

ಬ್ಯಾರಕ್ ಅಂದೆನಲ್ಲ, ಅಲ್ಲೇ ನಿಲ್ಲಿ. ಈ ರೋಗ ಇಕ್ಕಟ್ಟಿನ ರೋಗ. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ಮಲಗುವವರ ರೋಗ. ನಮ್ಮ ಮನೆ ಒಂದೇ ಕೋಣೆ, ಮಲಗುತ್ತಿದ್ದದ್ದು ಏಳು ಜನ. ನಮ್ಮ ತಾತನ ಕಾಲದಲ್ಲಿ ಕೇರಿ ಎಷ್ಟು ಜಾಗದಲ್ಲಿತ್ತೋ ಇವತ್ತೂ ಅಷ್ಟೇ ಜಾಗದಲ್ಲಿದೆ, ಸಂಸಾರ ಮಾತ್ರ ಮೂರು ಪಟ್ಟು. ಕೇರಿ ಬೆಳೆಯೋಕೆ ಸುತ್ತಲಿನ ಹೊಲ ನಮ್ಮದಲ್ಲ. ಬಸವ ಸಾಗರದ ನೀರು ಎಡದಂಡೆ ಕಾಲುವೆ ಹಿಡಿದು ಸುರಪುರ, ಶಹಾಪುರ, ಜೇವರ್ಗಿ ತನಕ ಹರಿದು ಬರಡು ನೆಲವನ್ನ ಭತ್ತದ ಗದ್ದೆ ಮಾಡಿತು. ಎಕರೆಗೆ ಬೆಲೆ ಏರಿತು. ಏರಿದಷ್ಟೂ ಕೇರಿ ಪಕ್ಕದ ಒಂದು ಗುಂಟೆ ಜಾಗವೂ ನಮ್ಮ ಕೈಗೆ ನಿಲುಕದಂಗಾಯ್ತು. ಡ್ಯಾಮ್ ಕಟ್ಟೋವಾಗ ಕಲ್ಲು ಹೊತ್ತವರಲ್ಲಿ ನಮ್ಮಪ್ಪನೂ ಒಬ್ಬ, ಅದು ಬೇರೆ ಕಥೆ, ಇನ್ನೊಂದು ದಿನ ಬರೀತೀನಿ. ಮನೆಯ ಇಕ್ಕಟ್ಟಿನಿಂದ ತಪ್ಪಿಸಿಕೊಂಡು ಓದೋಕೆ ಹೋದ ಮಕ್ಕಳು ಎಲ್ಲಿ ಮಲಗ್ತಾರೆ? ಹಾಸ್ಟೆಲಿನಲ್ಲಿ. ಚಾಪೆಗೆ ಚಾಪೆ ಹಚ್ಚಿ.

ಅದಕ್ಕೇ "ಬಡವರ ರೋಗಕ್ಕೆ ಜಾತಿ ಯಾಕೆ ತರ್ತೀರಿ" ಅನ್ನೋರಿಗೆ ಇದೇ ನನ್ನ ಉತ್ತರ. ಹೌದು, ಇದು ಬಡ ಕುರುಬರ ಮಕ್ಕಳಿಗೂ ಬರುತ್ತೆ, ಬೇಡರ ಮಕ್ಕಳಿಗೂ, ಮುಸ್ಲಿಂ ಮಕ್ಕಳಿಗೂ ಬರುತ್ತೆ. ಬನ್ನಿ, ಒಟ್ಟಿಗೆ ಕೇಳೋಣ. ಆದ್ರೆ ಇಕ್ಕಟ್ಟು ಆಕಾಶದಿಂದ ಬಿದ್ದಿಲ್ಲ, ಅದನ್ನ ಊರಿನ ನಕ್ಷೆ ಹಾಕಿದವರು ಮಾಡಿದ್ದು. ನ್ಯೂಜಿಲೆಂಡಿನಲ್ಲಿ ಇವತ್ತಿಗೂ ಈ ರೋಗ ಹೆಚ್ಚಾಗಿ ಬರೋದು ಮಾವೋರಿ ಮತ್ತು ಪೆಸಿಫಿಕ್ ದ್ವೀಪದ ಮಕ್ಕಳಿಗೆ, ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಮಕ್ಕಳಿಗೆ. ಅದೇ ದೇಶದ ಬಿಳಿಯರ ಮಕ್ಕಳಿಗೆ ಹೆಚ್ಚೂಕಮ್ಮಿ ಬರೋದೇ ಇಲ್ಲ. ಬ್ಯಾಕ್ಟೀರಿಯಾಕ್ಕೆ ಮೈಬಣ್ಣ ಗೊತ್ತಾಗಲ್ಲ. ಅದಕ್ಕೆ ಗೊತ್ತಾಗೋದು ಒಂದು ಕೋಣೆಯಲ್ಲಿ ಎಷ್ಟು ಜನ ಮಲಗ್ತಾರೆ ಅನ್ನೋದು.

ಇನ್ನೊಂದು ಮಾತಿದೆ, ಇದನ್ನ ಯಾವ ಆರೋಗ್ಯ ಇಲಾಖೆಯ ಕೈಪಿಡಿಯೂ ಬರೆಯಲ್ಲ. ಗಂಟಲು ನೋಡಬೇಕಂದ್ರೆ ಮಗುವನ್ನ ಮುಟ್ಟಬೇಕು. ಗದ್ದ ಹಿಡಿದು ಬಾಯಿ ತೆರೆಸಬೇಕು, ನಾಲಿಗೆ ಒತ್ತಬೇಕು, ಉಸಿರು ಮುಖಕ್ಕೆ ಬಡಿಯುವಷ್ಟು ಹತ್ತಿರ ಬಗ್ಗಬೇಕು. ಪರೀಕ್ಷೆಗೆ ಕಳಿಸಬೇಕಂದ್ರೆ ಹತ್ತಿಕಡ್ಡಿ ಒಳಗೆ ಹಾಕಿ ಎಂಜಲು ತೆಗೀಬೇಕು. ನಮ್ಮ ಎಂಜಲಿಗೆ ಹೆದರಿ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಸೀಮೆ ಇದು. ನಮ್ಮ ತಂಗಿಯ ಬಾಯೊಳಗೆ ಅವಳ ಹನ್ನೊಂದನೇ ವರ್ಷದಲ್ಲಿ ಒಬ್ಬರೂ ಬಗ್ಗಿ ನೋಡಲಿಲ್ಲ. ಬಾಗಿಲಾಚೆಯಿಂದಲೇ "ಏನಾಗ್ಯದ?" "ಗಂಟಲ ಬ್ಯಾನಿರೀ." "ತಗೋ ಗುಳಿಗಿ." ಇಷ್ಟೇ ತಪಾಸಣೆ. ಇವತ್ತಿಗೂ ಅಂಗಿ ಮೇಲೆ ಸ್ಟೆತಾಸ್ಕೋಪ್ ಇಟ್ಟು ಮುಂದಿನವರನ್ನ ಕರೆಯೋದನ್ನ ನೋಡ್ತೀನಿ. ಅಂಗಿ ಮೇಲಿಂದ ಸಣ್ಣ ಮರ್ಮರ್ ಸದ್ದು ಕೇಳಿಸುತ್ತಾ? ನೀವೇ ಯಾವುದಾದರೂ ಡಾಕ್ಟರನ್ನ ಕೇಳಿ.

ಆರ್‌ಎಂಪಿಗಳನ್ನ ಬೈಯೋದು ಸುಲಭ, ನಾನು ಬೈಯಲ್ಲ. ರಾತ್ರಿ ಹತ್ತಕ್ಕೆ ಕೇರಿಗೆ ಬಾಗಿಲು ತೆರೆಯೋನು ಅವನೊಬ್ಬನೇ.

ಈಗ ಸರ್ಕಾರದ ಕಡೆ ಬರೋಣ. ಬಿಪಿಎಲ್ ಕುಟುಂಬಗಳಿಗೆ ದೊಡ್ಡ ಆಪರೇಷನ್ ಉಚಿತ ಮಾಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಶುರುವಾದದ್ದೇ ನಮ್ಮ ಗುಲಬರ್ಗಾ ವಿಭಾಗದಿಂದ. ಆಮೇಲೆ 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆ ಆಯ್ತು. ಹಾಸಿಗೆ 371, ನಮ್ಮ 371(ಜೆ) ಕಲಂನ ನೆನಪಿಗೆ. ಇದೆಲ್ಲ ಬೇಕು, ಬೇಡ ಅನ್ನೋಕೆ ನನಗೇನು ಹುಚ್ಚಾ? ಕಿರಿದಾದ ವಾಲ್ವನ್ನ ಎದೆ ಕೊಯ್ಯದೆ ಬಲೂನಿನಿಂದ ಅಗಲ ಮಾಡುವ ಚಿಕಿತ್ಸೆಯಲ್ಲಿ ಜಯದೇವ ಸಂಸ್ಥೆಗೆ ದೊಡ್ಡ ಹೆಸರಿದೆ. ನನ್ನ ತಂಗಿ ಹತ್ತು ವರ್ಷ ತಡವಾಗಿ ಬಸುರಿಯಾಗಿದ್ರೆ ಉಳೀತಿದ್ದಳೇನೋ.

ಆದ್ರೆ ಲೆಕ್ಕ ನೋಡಿ. ಎದೆ ಸೀಳಿ ವಾಲ್ವ್ ಹಾಕೋಕೆ ಸರ್ಕಾರ ಒಬ್ಬರಿಗೆ ಲಕ್ಷಗಟ್ಟಲೆ ಕಟ್ಟೋಕೆ ತಯಾರಿದೆ. ಅದೇ ಎದೆ ಕೆಡದಂತೆ ನೋಡಿಕೊಳ್ಳುವ ಸೂಜಿಯ ಬೆಲೆ ಒಂದು ಹೊತ್ತಿನ ಚಾ–ಮಿರ್ಚಿ ಖರ್ಚಿಗೆ ಹತ್ತಿರ, ಅದು ಪಿಎಚ್‌ಸಿಯಲ್ಲಿ ಸಿಗುತ್ತಾ ಅಂತ ಕೇಳೋರಿಲ್ಲ. ಆಪರೇಷನ್‌ಗೆ ಕಾರ್ಡ್ ಇದೆ, ಫೋಟೋ ಇದೆ, ಉದ್ಘಾಟನೆಯ ಕಲ್ಲು ಇದೆ. ಗಂಟಲಿಗೆ ಟಾರ್ಚ್ ಹಾಕೋದಕ್ಕೆ ಯಾವ ಮಂತ್ರಿ ರಿಬ್ಬನ್ ಕತ್ತರಿಸ್ತಾನೆ?

ಆಪರೇಷನ್ ಆದಮೇಲೆ ಎಲ್ಲ ಮುಗೀತು ಅನ್ನೋದೂ ಸುಳ್ಳು. ಲೋಹದ ವಾಲ್ವ್ ಹಾಕಿದವರು ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಗುಳಿಗೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ಹೊಂದಿಸಬೇಕು. ಕಮ್ಮಿಯಾದ್ರೆ ವಾಲ್ವ್ ಕಟ್ಟಿಕೊಳ್ಳುತ್ತೆ, ಜಾಸ್ತಿಯಾದ್ರೆ ರಕ್ತ ಸೋರುತ್ತೆ. ನಾರಾಯಣಪುರದ ಸುತ್ತಿನ ಹಳ್ಳಿಯ ಕೂಲಿ ಹೆಣ್ಣುಮಗಳು ಆ ಪರೀಕ್ಷೆಗೆ ಹುಣಸಗಿ, ಸುರಪುರ, ಶಹಾಪುರ ದಾಟಿ ಹೋಗಿಬರಬೇಕಂದ್ರೆ ಎಷ್ಟು ದಿನದ ಕೂಲಿ ಬಿಡಬೇಕು? ಬಸುರಿಯಾದ್ರೆ ಆ ಗುಳಿಗೆಯೇ ಕೂಸಿಗೆ ಅಪಾಯ. ಎದೆ ಮೇಲೆ ಗಾಯದ ಗುರುತಿರೋ ಹುಡುಗಿಗೆ ಗಂಡು ಸಿಗಲ್ಲ ಅಂತ ಮುಚ್ಚಿಟ್ಟು ಮದುವೆ ಮಾಡ್ತಾರೆ, ಗುಳಿಗೆ ಬಚ್ಚಲಲ್ಲಿ ನುಂಗಬೇಕಾಗುತ್ತೆ.

ಯೋಜನೆ ಇಲ್ಲವಾ? ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಮಾಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದಯ ರೋಗದ ಹೆಸರು ಅಚ್ಚಾಗಿದೆ. ತಂಡ ಶಾಲೆಗೆ ಬರಬೇಕಾದದ್ದು ವರ್ಷಕ್ಕೊಂದು ಸಲ. ಗಂಟಲು ನೋವಿನ ಅವಕಾಶ ಒಂಬತ್ತು ದಿನ. ವರ್ಷಕ್ಕೊಮ್ಮೆ ಬರುವ ಜೀಪು ಆ ಒಂಬತ್ತು ದಿನವನ್ನ ಹೇಗೆ ಹಿಡಿಯುತ್ತೆ? ಅದು ಹಿಡಿಯೋದು ಆಗಲೇ ಕೆಟ್ಟ ವಾಲ್ವನ್ನ, ಅದೂ ಆ ದಿನ ಮಗು ಶಾಲೆಗೆ ಬಂದಿದ್ರೆ. ಹತ್ತಿ ಬಿಡಿಸೋ ಕಾಲದಲ್ಲಿ ನಮ್ಮ ಮಕ್ಕಳು ಶಾಲೆಯಲ್ಲಿರ್ತಾರಾ? ಗುಳೆ ಹೋದ ಮನೆಯ ಮಕ್ಕಳು ಊರಲ್ಲಿರ್ತಾರಾ?

ಬೆಂಜಥೀನ್ ಪೆನಿಸಿಲಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇದೆ. ಆದ್ರೂ ಎಷ್ಟೋ ಕಡೆ ಇಡಲ್ಲ, ಇಟ್ಟರೂ ಚುಚ್ಚಲ್ಲ. ರಿಯಾಕ್ಷನ್ ಆದ್ರೆ ಜನ ಬಂದು ಹೊಡೀತಾರೆ ಅನ್ನೋ ಭಯ. ಭಯ ಪೂರ್ತಿ ಸುಳ್ಳಲ್ಲ, ಪೆನಿಸಿಲಿನ್ ಒಗ್ಗದವರು ಇರ್ತಾರೆ, ಹಿಂದೆ ಒಗ್ಗದೇ ಹೋಗಿದ್ದನ್ನ ಕೇಳಿಯೇ ಕೊಡಬೇಕು. ಆದ್ರೆ ಜೀವಕ್ಕೆ ಅಪಾಯ ಆಗುವಂಥ ರಿಯಾಕ್ಷನ್ ಬಹಳ ಅಪರೂಪ, ಅದಕ್ಕೆ ಅಡ್ರಿನಲಿನ್ ಕೈಗೆ ಸಿಗೋ ಹಾಗೆ ಇಟ್ಟುಕೊಳ್ಳೋದು ಪ್ರತಿ ಆಸ್ಪತ್ರೆಯ ಕೆಲಸ. ಇನ್ನು ಕೆಲವರು ಆ್ಯಂಟಿಬಯೋಟಿಕ್ ಜಾಸ್ತಿ ಕೊಟ್ಟರೆ ರೋಗಾಣು ಬಗ್ಗಲ್ಲ ಅಂತ ಪಾಠ ಹೇಳ್ತಾರೆ. ಎಲ್ಲ ಗಂಟಲಿಗೂ ಕೊಡಿ ಅಂತ ನಾನೂ ಹೇಳ್ತಿಲ್ಲ, ನೋಡಿ ಕೊಡಿ ಅಂತಿದೀನಿ. ಅಂದಹಾಗೆ ಈ ಸ್ಟ್ರೆಪ್ಟೊಕಾಕಸ್ ಎಂಬತ್ತು ವರ್ಷ ಆದ್ರೂ ಪೆನಿಸಿಲಿನ್‌ಗೆ ಬಗ್ಗದೇ ಇರೋದನ್ನ ಕಲಿತಿಲ್ಲ. ಹೊಲಕ್ಕೊಂದು, ಕೋಳಿಗೊಂದು, ನೆಗಡಿಗೊಂದು ಅಂತ ದುಬಾರಿ ಔಷಧ ಸುರಿಯೋ ದೇಶಕ್ಕೆ ನಮ್ಮ ಮಗುವಿನ ಒಂದು ಪೆನಿಸಿಲಿನ್ ಸೂಜಿಯ ಹತ್ರ ಬಂದಾಗ ಮಾತ್ರ ಜವಾಬ್ದಾರಿ ನೆನಪಾಗುತ್ತೆ.

"ನಿಮ್ಮವರಿಗೆ ತಿಳುವಳಿಕೆ ಇಲ್ಲ, ಹರಕೆ ಹೊತ್ಕೊಂಡು ಕೂರ್ತಾರೆ." ಇದು ಎಲ್ಲರ ಕೊನೆಯ ಅಸ್ತ್ರ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಕರಿಯರ ಕೇರಿಗಳಲ್ಲಿ ರುಮ್ಯಾಟಿಕ್ ಜ್ವರ ಹೆಚ್ಚಿತ್ತು. 1960ರ ದಶಕದಲ್ಲಿ ಕೆಲವು ಬಡಾವಣೆಗಳಿಗೆ ಮಾತ್ರ ಮಕ್ಕಳ ಆರೋಗ್ಯ ಕೇಂದ್ರಗಳು ಬಂದವು. ಲಿಯಾನ್ ಗಾರ್ಡಿಸ್ ಅನ್ನೋ ಸಂಶೋಧಕ 1973ರಲ್ಲಿ ಲೆಕ್ಕ ತೆಗೆದ. ಕೇಂದ್ರದ ಸೌಲಭ್ಯ ಸಿಕ್ಕ ಬಡಾವಣೆಗಳಲ್ಲಿ ರೋಗ 60 ಶೇಕಡಾ ಇಳಿದಿತ್ತು. ಸಿಗದ ಕಡೆ ಇಳಿದಿರಲಿಲ್ಲ. ಅದೇ ಜನ, ಅದೇ ಬಡತನ, ಅದೇ ತಿಳುವಳಿಕೆ. ಬದಲಾದದ್ದು ಹತ್ತಿರದಲ್ಲೊಂದು ತೆರೆದ ಬಾಗಿಲು ಅಷ್ಟೇ. ನಮ್ಮಪ್ಪ ಮಲ್ಲಯ್ಯನ ಹತ್ರ ಹೋದದ್ದು ಮಲ್ಲಯ್ಯನ ಬಾಗಿಲು ತೆರೆದಿತ್ತು ಅಂತ.

ಟಿಬಿ ರೋಗಿಗೆ ನಿಕ್ಷಯ್ ಪೋರ್ಟಲ್‌ನಲ್ಲಿ ನಂಬರ್ ಇದೆ, ಗುಳಿಗೆ ತಪ್ಪಿದರೆ ಆಶಾ ಮನೆ ಬಾಗಿಲಿಗೆ ಬರ್ತಾಳೆ, ಪೌಷ್ಟಿಕ ಆಹಾರಕ್ಕೆ ಖಾತೆಗೆ ದುಡ್ಡು ಬರುತ್ತೆ. 21 ದಿನಕ್ಕೊಮ್ಮೆ ಸೂಜಿ ಬೇಕಾದ ಮಗುವಿಗೆ ಇದರಲ್ಲಿ ಯಾವುದೂ ಇಲ್ಲ. 2018ರಲ್ಲಿ ವಿಶ್ವ ಆರೋಗ್ಯ ಅಧಿವೇಶನ ರುಮ್ಯಾಟಿಕ್ ಹೃದಯ ರೋಗದ ಬಗ್ಗೆ ನಿರ್ಣಯ ಮಾಡಿತು. ಜಗತ್ತಿನಲ್ಲಿ ಸುಮಾರು ನಾಲ್ಕು ಕೋಟಿ ಜನಕ್ಕೆ ಈ ರೋಗ ಇದೆ ಅಂತ ಅಂದಾಜು. ಜಿನೀವಾದಲ್ಲಿ ಕೈ ಎತ್ತಿದ್ದು ನಾರಾಯಣಪುರದ ಉಪಕೇಂದ್ರದ ರಿಜಿಸ್ಟರಿಗೆ ಬರೋಕೆ ಇನ್ನೆಷ್ಟು ವರ್ಷ ಬೇಕು?

ಈಗ ನಮ್ಮ ಬಗ್ಗೆ. ಇಲ್ಲಿ ತನಕ ಲೈಕ್ ಒತ್ತಿದವರು ಇದನ್ನೂ ಓದಿ. ಏಪ್ರಿಲ್ 14ಕ್ಕೆ ಡಿಜೆಗೆ ಎಷ್ಟು ಖರ್ಚು ಮಾಡ್ತೀವಿ? ಮೂರ್ತಿ ಕೂರಿಸೋ ಜಾಗಕ್ಕೆ ವಾರಗಟ್ಟಲೆ ಧರಣಿ ಕೂತಿದ್ದೀವಿ, ಕೂರಲೇಬೇಕಿತ್ತು, ನಾನೂ ಕೂತಿದ್ದೆ. ಎಸ್‌ಸಿಎಸ್‌ಪಿ–ಟಿಎಸ್‌ಪಿ ಹಣ ಬೇರೆಡೆಗೆ ಹೋಯ್ತು ಅಂತ ಕೂಗಿದ್ದೀವಿ, ಆ ಕೂಗು ನ್ಯಾಯವಾದದ್ದು. ಆದ್ರೆ ಆ ಹಣದಲ್ಲಿ ಪ್ರತಿ ಹಾಸ್ಟೆಲಿಗೆ ವಾರಕ್ಕೊಮ್ಮೆ ಒಬ್ಬ ನರ್ಸ್ ಬಂದು ಗಂಟಲು ನೋಡಲಿ ಅಂತ ನಮ್ಮ ಯಾವ ಮನವಿ ಪತ್ರದಲ್ಲಿ ಬರೆದಿದ್ದೀವಿ? ನಾನೇ ಟೈಪ್ ಮಾಡಿಸಿದ ಹಾಸ್ಟೆಲ್ ಮನವಿಗಳನ್ನ ಮೊನ್ನೆ ಹುಡುಕಿ ತೆಗೆದೆ. ಊಟ, ಹಾಸಿಗೆ, ಶೌಚಾಲಯ, ವಾರ್ಡನ್ ವರ್ಗಾವಣೆ. ಗಂಟಲು ಒಂದರಲ್ಲೂ ಇಲ್ಲ. ತಂಗಿಯನ್ನ ಕಳ್ಕೊಂಡ ನಾನೇ ಬರೆದಿಲ್ಲ. ವಾರ್ಡನ್ ವರ್ಗಾವಣೆ ಆದ್ರೆ ಗೆದ್ವಿ ಅಂತ ಫೋಟೋ ಹಾಕಬಹುದು, ಒಂದು ಮಗುವಿನ ವಾಲ್ವ್ ಕೆಡಲಿಲ್ಲ ಅಂತ ಫೋಟೋ ಹಾಕೋಕೆ ಬರಲ್ಲವಲ್ಲ.

ಈ ತಿಂಗಳ ಮನವಿಯಲ್ಲಿ ಬರೆದಿದ್ದೀನಿ. ಹಾಸ್ಟೆಲುಗಳಲ್ಲಿ ವಾರಕ್ಕೊಮ್ಮೆ ಗಂಟಲು ತಪಾಸಣೆ, ಪಿಎಚ್‌ಸಿಗಳಲ್ಲಿ ಬೆಂಜಥೀನ್ ಪೆನಿಸಿಲಿನ್ ಜೊತೆಗೆ ಅಡ್ರಿನಲಿನ್, 21 ದಿನದ ಸೂಜಿಗೆ ಪ್ರತ್ಯೇಕ ರಿಜಿಸ್ಟರ್, ಗುಳೆ ಹೋದರೂ ಯಾವ ಊರಲ್ಲಾದ್ರೂ ಸೂಜಿ ಸಿಗುವಂಥ ಕಾರ್ಡ್, ಮೊದಲ ತಪಾಸಣೆಯಲ್ಲೇ ಪ್ರತಿ ಬಸುರಿಯ ಎದೆಗೆ ಅಂಗಿ ಸರಿಸಿ ಸ್ಟೆತಾಸ್ಕೋಪ್. ಹಾಸ್ಟೆಲಿನ ಅಡುಗೆಯವರಿಗೂ ವಾರ್ಡನ್‌ಗೂ ಆ ನಾಲ್ಕು ಲಕ್ಷಣ ಹೇಳಿಕೊಡೋಕೆ ಅರ್ಧ ದಿನ ಸಾಕು. ನಿಮ್ಮ ತಾಲೂಕಿನಲ್ಲಿ ನೀವು ಕೊಡುವ ಮನವಿಗೂ ಇದನ್ನ ಸೇರಿಸಿ. ಅಕ್ಷರ ಬೇಕಿದ್ರೆ ನನ್ನದೇ ಕಾಪಿ ಮಾಡಿ, ಹೆಸರು ಹಾಕಬೇಕಿಲ್ಲ.

ಅಲ್ಲಿ ತನಕ ರಿಜಿಸ್ಟರ್ ನನ್ನ ಹತ್ರ ಇದೆ. ನೂರು ಹಾಳೆಯ ಒಂದು ನೋಟ್‌ಬುಕ್. ನಮ್ಮೂರು ಮತ್ತು ಪಕ್ಕದ ಎರಡು ಹಳ್ಳಿಯ ನಾಲ್ಕು ಮಕ್ಕಳ ಹೆಸರು, ಮುಂದೆ ತಾರೀಖು. ಸೂಜಿ ದಪ್ಪ, ನೋವು ಜಾಸ್ತಿ, ಮಕ್ಕಳು ನನ್ನ ಬೈಕ್ ಸದ್ದು ಕೇಳಿದ್ರೆ ಓಡಿ ಹೋಗ್ತಾರೆ. ಮೂವರದ್ದು ಈ ಸಲ ಆಯ್ತು. ನಾಲ್ಕನೆಯವನು ಹತ್ತು ವರ್ಷದ ಹುಡುಗ, ಹೋದ ವರ್ಷ ಕೀಲು ಊದಿತ್ತು. ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗ್ಯಾನ, ಯಲಹಂಕದ ಕಡೆ ಯಾವುದೋ ಬಿಲ್ಡಿಂಗ್ ಕೆಲಸದ ಶೆಡ್ಡಿನಲ್ಲಿದ್ದಾನೆ. ಅವನ 21 ದಿನ ಈ ಗುರುವಾರಕ್ಕೆ ಮುಗಿಯುತ್ತೆ. ಚೀಟಿಯ ಫೋಟೋ ನನ್ನ ಮೊಬೈಲಿನಲ್ಲಿದೆ. ಆ ಕಡೆ ಇರೋ ಸಂಗಾತಿಗಳು ಯಾರಾದ್ರೂ ಅವನನ್ನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗೋಕಾಗುತ್ತಾ? ಇನ್‌ಬಾಕ್ಸಿಗೆ ಬನ್ನಿ.